ಯಾವ ಬ್ರೋಗೆ ಹೇಳಿದ್ದು?

ಕಬ್ಬಿಣದ ಹಾಳೆಗಳ ಆ ಗೋದಾಮಿನಲ್ಲಿ ಎರಡು ಕ್ರೇನ್‌ಗಳಿದ್ದವು. ಒಂದರ ಕ್ಯಾಬಿನ್ನಿನಲ್ಲಿ ಅವಳು, ಇನ್ನೊಂದರಲ್ಲಿ ದಡಿಯ. ದಡಿಯನೋ, ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ನರಪೇತಲ. ವಾಕಿಟಾಕಿಯಲ್ಲಿ ಒಂದನೇ ಕ್ರೇನ್, ಎರಡನೇ ಕ್ರೇನ್ ಎಂದೇ ಕೂಗಬೇಕೆಂಬ ನಿಯಮ ಗೋಡೆಯ ಮೇಲಿತ್ತು, ಬಾಯಲ್ಲಿರಲಿಲ್ಲ. ಬಾಯಲ್ಲಿ ಎಲ್ಲರೂ ಬ್ರೋ. ಹೊಸದರಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದರು, ತುಟಿಯಂಚಿನಲ್ಲೇ ನಗುತ್ತ. ಯಾವಾಗಲೋ ಅದು ಬ್ರೋ ಆಯಿತು. ಅವಳೂ ಒಳಗೊಳಗೇ ಹಿಗ್ಗಿದಳು. ಕೆಳಗೆ ಹೊರೆಗೆ ಸರಪಳಿ ಬಿಗಿಯುವ ಸ್ವಂತ ತಮ್ಮನೂ ಹಾಗೇ ಕರೆಯುತ್ತಿದ್ದ.

ಆ ದಿನ ಊಟದ ಹೊತ್ತು ಹತ್ತಿರವಾಗಿತ್ತು, ಎಲ್ಲರಿಗೂ ಅವಸರ. ಅವಳ ಹೊರೆ ಹಾಳೆಗಳ ಎರಡು ಅಟ್ಟಿಗಳ ನಡುವಿನ ಸಂದಿಯ ಮೇಲೆ ತೂಗುತ್ತಿತ್ತು. ಹೊರೆ ಕೂರಲು ಮರದ ತುಂಡುಗಳನ್ನು ಜೋಡಿಸಲೆಂದು ತಮ್ಮ ಆ ಸಂದಿಗೆ ಇಳಿದಿದ್ದ. ಮೇಲಿನಿಂದ ಅವನು ಕಾಣುತ್ತಿರಲಿಲ್ಲ.

"ಇಳಿಸು ಬ್ರೋ," ಎಂದಿತು ವಾಕಿಟಾಕಿ.

ಅವಳು ಇಳಿಸಿದಳು.

ಕೆಳಗಿನಿಂದ ಯಾರೋ ಚೀರಿದ್ದು ಗಾಜಿನಾಚೆಗೂ ಕೇಳಿಸಿತು. ಹಿಡಿಕೆ ಬಿಟ್ಟು ಕ್ರೇನ್ ನಿಲ್ಲಿಸಿದಳು. ಹೊರೆಯ ಒಂದು ಮೂಲೆ ಅಟ್ಟಿಗೆ ತಗುಲಿ ವಾಲಿ ನಿಂತಿತು. ಆಚೆ ದಡಿಯನ ಹೊರೆಯೂ ಇಳಿಯುತ್ತಿರುವುದು ಕಂಡು, ಹೇಳಿದ್ದು ಅವನಿಗೆ ಎಂಬುದು ಆಗ ಅವಳಿಗೆ ಹೊಳೆಯಿತು.

ವಾಕಿಟಾಕಿಯಲ್ಲಿ ಸಂತೆ ನೆರೆಯಿತು. ಎತ್ತು ಬ್ರೋ ಎಂದನೊಬ್ಬ, ಅಲ್ಲಾಡಿಸಬೇಡ ಬ್ರೋ ಎಂದನಿನ್ನೊಬ್ಬ. ಯಾರು ಯಾರಿಗೆ ಹೇಳುತ್ತಿದ್ದಾರೋ ದೇವರೇ ಬಲ್ಲ. ಎತ್ತಿದರೆ ಹೊರೆ ಜೋಲಿ ಹೊಡೆದು ತಮ್ಮನನ್ನು ಅಟ್ಟಿಗೆ ಅಪ್ಪಳಿಸಬಹುದು. ಹಾಗೇ ಬಿಟ್ಟರೆ ಹೊರೆ ಜಾರಬಹುದು. ಅವ್ವನಿಗೆ ಏನೆಂದು ಹೇಳಲಿ ಎಂಬ ಯೋಚನೆ ಬಂತು. ಅದು ಬಂದದ್ದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

"ಎಲ್ರೂ ಬಾಯಿ ಮುಚ್ಕೊಳ್ಳಿ," ಎಂದಳು. "ನನ್ ತಮ್ಮ ಒಬ್ಬನೇ ಮಾತಾಡ್ಲಿ."

ವಾಕಿಟಾಕಿ ಸುಮ್ಮನಾಯಿತು. ಅದರ ಗರಗರ ಸದ್ದು ಮಾತ್ರ. ಅವಳು ಕಿವಿಯಾದಳು.

"ಅಕ್ಕಾ," ಎಂದ ಅವನು, ತೀರ ಸಣ್ಣ ದನಿಯಲ್ಲಿ. "ಕಾಲು ಸಿಕ್ಕಾಕ್ಕೊಂಡಿದೆ. ಮೆತ್ತಗೆ ಎತ್ತು."

ಕೂದಲೆಳೆಯಷ್ಟು ಎತ್ತಿದಳು.

"ಇನ್ನೊಂಚೂರು. ಸಾಕು, ಸಾಕಕ್ಕಾ."

ಸಂದಿಯ ಬಾಯಲ್ಲಿ ಹಳದಿ ಹೆಲ್ಮೆಟ್ ಕಂಡಿತು. ಯಾರೋ ಅವನ ರಟ್ಟೆ ಹಿಡಿದು ಎಳೆದುಕೊಂಡರು. ಕುಂಟುತ್ತಿದ್ದ, ಆದರೆ ತನ್ನ ಕಾಲ ಮೇಲೇ ನಿಂತಿದ್ದ. ಅವಳು ಹೊರೆಯನ್ನು ಖಾಲಿ ನೆಲಕ್ಕೆ ಒಯ್ದು ಇಳಿಸಿದಳು. ಬಳಿಕ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡಲು ಹೋದವಳು ಹಿಂದೆ ಸರಿದಳು. ದಿನಾ ಹತ್ತಿಳಿಯುವ ಏಣಿ ಬಾವಿಯಂತೆ ಕಂಡಿತು.

"ಇಳಿಯೋಕಾಗ್ತಿಲ್ಲ ಕಣೋ," ಎಂದಳು ವಾಕಿಟಾಕಿಯಲ್ಲಿ. "ಏನಾದ್ರೂ ಮಾತಾಡ್ತಾ ಇರು."

ಅವನು ಮಾತಾಡಿದ. ಕಾಲಿನ ಬಾವು, ಹರಿದ ಬೂಟು, ದಡಿಯ ಹೆದರಿ ಅಳುತ್ತಿರುವುದು, ಬಾಯಿಗೆ ಬಂದದ್ದೆಲ್ಲ. ಆ ದನಿಯನ್ನು ಹಿಡಿದುಕೊಂಡು ಅವಳು ಒಂದೊಂದೇ ಮೆಟ್ಟಿಲು ಇಳಿದಳು.