ಅಪ್ಪ ಹಿಡಿದ ಜಡೆ

ಈಗ ನಮ್ಮೂರಲ್ಲಿ ರೈಲ್ವೆ ಗೇಟಿಲ್ಲ, ಮೇಲ್ಸೇತುವೆ ಬಂದಿದೆ. ಒಳ್ಳೆಯದೇ ಆಯ್ತು ಬಿಡಿ. ಆದರೂ ನೋಡಿದಾಗಲೆಲ್ಲ ನನಗೆ ಏನೋ ಕಳಕೊಂಡ ಹಾಗಾಗುತ್ತೆ.

ಆ ಗೇಟಿಗೆ ಅಪ್ಪ ಗೇಟ್‌ಮ್ಯಾನ್ ಆಗಿದ್ದರು. ಬೇಗ ಗೇಟು ಹಾಕುತ್ತಾರೆಂದು ಊರೆಲ್ಲ ಬೈಯುತ್ತಿತ್ತು. ಅವರೋ, ಗೇಟಿನ ಪಕ್ಕ ಒಂದು ಬೆಂಚು, ಒಂದು ಕೊಡ ನೀರು ಇಟ್ಟಿದ್ದರು. "ಬೈದೂ ಬೈದೂ ಬಾಯಾರುತ್ತೆ, ಕುಡೀಲಿ. ಕುಡಿಯೋ ಹೊತ್ತಲ್ಲಿ ಯಾರೂ ಗೇಟಿನಡಿ ನುಸುಳಲ್ಲ," ಎನ್ನುತ್ತಿದ್ದರು.

ನನ್ನ ಪರೀಕ್ಷೆಯ ದಿನ ಗೂಡ್ಸ್ ಗಾಡಿಯ ಕೊನೆಯ ಬೋಗಿ ಸರಿದದ್ದೇ ತಡ, ಗೇಟ್‌ಮ್ಯಾನ್ ಮಗಳಿಗೆ ಗೊತ್ತಿಲ್ಲದ್ದೇನಿದೆ ಎಂದು ಗೇಟಿನಡಿ ಬಗ್ಗಿದೆ. ಅಪ್ಪ ಓಡಿಬಂದು ಜಡೆ ಹಿಡಿದು ಎಳೆದರು.

"ಗಾಡಿ ಹೋಯ್ತಲ್ಲಪ್ಪಾ!" ಎಂದು ಕಿರುಚಿದೆ.

"ಹಳಿ ಎರಡಿವೆ ಕಣೇ!"

ಅಷ್ಟರಲ್ಲಿ ಆಚೆ ಹಳಿಯಲ್ಲಿ ಎಕ್ಸ್‌ಪ್ರೆಸ್ ಸಿಡಿಲಿನಂತೆ ಹಾದುಹೋಯಿತು. ಗೂಡ್ಸಿನ ಗದ್ದಲದಲ್ಲಿ ಅದರ ಸದ್ದೇ ನನಗೆ ಕೇಳಿಸಿರಲಿಲ್ಲ. ಅದು ಹೋದ ಮೇಲೂ ಅಪ್ಪ ಜಡೆ ಬಿಡಲಿಲ್ಲ. ನನಗೆ ಎಲ್ಲರೆದುರು ಮಾನ ಹೋಯಿತೆಂಬ ಸಿಟ್ಟು. ಒಂದು ವಾರ ಮಾತು ಬಿಟ್ಟೆ.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನನ್ನ ಕೂದಲು ನೆರೆತು, ಜಡೆಯನ್ನೂ ಕತ್ತರಿಸಿಕೊಂಡೆ. ಮೊನ್ನೆ ಬೇರೆ ಊರಿನ ಗೇಟಿನಲ್ಲಿ ರೈಲು ದಾಟಿದ ಕೂಡಲೇ ಪಕ್ಕದ ಯುವಕ ಬಗ್ಗಿದ. ಅವಸರದಲ್ಲಿ ನಾನೂ ಬಗ್ಗಿದೆ. ಇಲ್ಲದ ಜಡೆಯನ್ನು ಯಾರೋ ಹಿಂದಕ್ಕೆ ಎಳೆದಂತಾಯಿತು.

ತಟ್ಟನೆ ಅವನ ಕಾಲರ್ ಹಿಡಿದೆ.

"ಗಾಡಿ ಹೋಯ್ತಲ್ಲಜ್ಜಿ, ಬಿಡಿ!" ಎಂದು ರೇಗಿದ.

"ಹಳಿ ಎರಡಿವೆ ಕಣೋ," ಎಂದೆ. ಕಾಲರ್ ಬಿಡಲಿಲ್ಲ.