ಬೆನ್ನು ತಿರುಗಿಸಿ ಬೈಯುವ ಬುರುಲ್ಚಾ

ಬುರುಲ್ಚಾ ಬೈಯುವುದು ಬೆನ್ನು ತಿರುಗಿಸಿಕೊಂಡು. ಗುಡಾರದ ಬಾಗಿಲಲ್ಲಿ ನಿಂತು, ಹೊಗೆ ಹಿಡಿದ ಚರ್ಮದ ಚೀಲದಲ್ಲಿ ಕುದುರೆಹಾಲಿನ ಹುಳಿಪೇಯ ಕುಮಿಸ್ ಕಡೆಯುತ್ತ, ಹಿಂದಿನ ಹುಲ್ಲುಮಾಳದಿಂದ ಬರುವ ಗೊರಸಿನ ಸದ್ದನ್ನಷ್ಟೇ ಆಲಿಸಿ, ತನ್ನಲ್ಲಿ ಸವಾರಿ ತಿದ್ದಿಸಿಕೊಳ್ಳಲು ಬಂದವನು ಬಲಕ್ಕೆ ವಾಲಿದ್ದಾನೋ, ಮಂಡಿ ಬಿಗಿದಿದ್ದಾನೋ, ಲಗಾಮಿಗೆ ಜೋತುಬಿದ್ದಿದ್ದಾನೋ ಎಂಬುದನ್ನು ಆಕೆ ಹೇಳಬಲ್ಲಳು. ಹೇಳಬಲ್ಲಳೆಂದರೆ ಅದು ಸೌಜನ್ಯದ ಮಾತಾಯಿತು, ಆಕೆ ಅರಚುತ್ತಾಳೆ. ಕುಕ್ಕುಲೋಟದಲ್ಲಿ ಯಾರು ಬೇಕಾದರೂ ಹೇಗೋ ಸಂಭಾಳಿಸಬಹುದು, ನಾಗಾಲೋಟದಲ್ಲಿ ವೇಗವೇ ಹೊತ್ತೊಯ್ಯುತ್ತದೆ, ಇವೆರಡರ ನಡುವಣ ಮೂರು ತಾಳದ ಓಟದಲ್ಲೇ ಸವಾರನ ಬಂಡವಾಳ ಬಯಲಾಗುವುದು ಎಂಬುದು ಆಕೆಯ ಸಿದ್ಧಾಂತ. ಆ ಮೂರರಲ್ಲಿ ಒಂದು ತಾಳ ತಪ್ಪಿದರೆ ಸಾಕು, ಕಡೆಗೋಲು ನಿಲ್ಲುತ್ತದೆ.

"ಏಯ್ ಹಿಟ್ಟಿನ ಮೂಟೆ, ಬಲಗಡೆ ಏನು ಚಿನ್ನ ಬಿದ್ದಿದೆಯೇನೋ, ಬಗ್ಗಿ ಬಗ್ಗಿ ನೋಡ್ತಿದೀಯಲ್ಲ?"

ಕುಳ್ಳಗಿನ ದೇಹ, ನೆಲದ ಮೇಲೇ ಸಿಟ್ಟು ತೀರಿಸಿಕೊಳ್ಳುವಂತೆ ಹಿಮ್ಮಡಿ ಊರಿ ನಡೆಯುವ ನಡಿಗೆ, ಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಗಂಡನ ನಿಲುವಂಗಿ. ಅದರ ಬಲತೋಳು ಭುಜದಿಂದ ಮೊಣಕೈವರೆಗೆ ಸೀಳಿದೆ. ಊರವರ ಗುಡಾರದ ಉಣ್ಣೆಕಂಬಳಿಗಳಿಗೆಲ್ಲ ಕಣ್ಣಿಗೆ ಕಾಣದಂತೆ ಹೊಲಿಗೆ ಹಾಕಿಕೊಡುವ ಹೆಂಗಸು, ತನ್ನ ತೋಳಿಗೆ ಮಾತ್ರ ಒಂದು ದಾರ ಹಾಯಿಸಿದವಳಲ್ಲ. ಹೊಲಿದುಕೊಡುತ್ತೇನೆಂದು ಬಂದ ನೆರೆಯವಳಿಗೂ ಬೈಗುಳವೇ ಸಿಕ್ಕಿತು.

ನಮ್ಮ ಕಣಿವೆಯಲ್ಲಿ ಬೆಳೆದ ಗಂಡಸಿಗೆ ಕುದುರೆಯ ಮೇಲೆ ಕೂರುವುದನ್ನು ಕಲಿಸುವುದೆಂದರೆ, ತುತ್ತನ್ನು ಬಾಯಿಗಿಡುವುದು ಹೇಗೆಂದು ಕಲಿಸಿದಷ್ಟೇ ಅವಮಾನ. ಹಾಲುಹಲ್ಲಿನ ವಯಸ್ಸಿನಲ್ಲೇ ಮಗುವನ್ನು ಆಶಾಮಾಯ್ ಎಂಬ ಪುಟ್ಟ ಜೀನಿನಲ್ಲಿ ಕೂರಿಸುತ್ತಾರೆ. ಹಿಂದೆ ಮುಂದೆ ಮರದ ಕೊಂಬುಗಳು, ಮಗು ಮುಂದಿನ ಕೊಂಬನ್ನು ಅವುಚಿ ಹಿಡಿಯುತ್ತದೆ, ಕುದುರೆ ಹೊರಡುತ್ತದೆ. ಅಲ್ಲಿಗೆ ವಿದ್ಯಾಭ್ಯಾಸ ಸಮಾಪ್ತಿ. ಬುರುಲ್ಚಾಳ ತಕರಾರೆಲ್ಲ ಆ ಕೊಂಬಿನ ಮೇಲೆ. ಜೀನು ದೊಡ್ಡದಾದರೂ ಕೈ ಅದನ್ನೇ ಹುಡುಕುತ್ತದೆ, ಸಿಗದಿದ್ದಾಗ ಲಗಾಮನ್ನು ಹಿಡಿದು ಜಗ್ಗುತ್ತದೆ, ಕುದುರೆಯ ಬಾಯಿ ಹರಿಯುತ್ತದೆ.

"ಮೀಸೆ ಬಂದ್ರೂ ಆಶಾಮಾಯ್‌ನಿಂದ ಇಳಿದಿಲ್ಲ ನೀವು. ಕುದುರೆ ಬಾಯಿ ಏನು ನಿಮ್ಮ ಊರುಗೋಲಾ?"

ಆಕೆಯ ಚಿಕಿತ್ಸೆ ಸರಳ, ಕ್ರೂರ. ಕಾಲಿಡುವ ರಿಕಾಪುಗಳನ್ನು ಬಿಚ್ಚಿ ಎಸೆಯುವುದು. ಲಗಾಮನ್ನು ಕುದುರೆಯ ಕತ್ತಿನ ಮೇಲೆ ಗಂಟು ಹಾಕುವುದು. ಒಬ್ಬ ನಡುವೆ ನಿಂತು ಉದ್ದ ಹಗ್ಗ ಹಿಡಿದಿರಲು, ಸವಾರ ಅದೇ ಮೂರು ತಾಳದಲ್ಲಿ ಸುತ್ತುತ್ತ, ಕೈ ಇಳಿಬಿಟ್ಟು, ತನ್ನ ಏಳು ಪಿತೃಗಳ ಹೆಸರನ್ನು ಗಟ್ಟಿಯಾಗಿ ಹೇಳುವುದು. ಏಳು ತಲೆಮಾರು ಗೊತ್ತಿಲ್ಲದವನು ಗುಲಾಮ ಎಂಬ ಗಾದೆಯ ನಾಡಿದು, ಹೆಸರುಗಳು ಎಲ್ಲರಿಗೂ ಬಾಯಿಪಾಠ. ಆದರೆ ಬಿದ್ದೇನೆಂದು ಉಸಿರು ಹಿಡಿದವನ ಸೊಂಟ ಮರವಾಗುತ್ತದೆ, ಮುತ್ತಜ್ಜ ಎರಡು ತುಂಡಾಗಿ ಹೊರಬರುತ್ತಾನೆ. "ಉಸಿರು ಬಿಡು, ಸೊಂಟ ತಾನೇ ಬಿಡತ್ತೆ. ಕುದುರೆ ಬೆನ್ನು ಏಳುವಾಗ ಏಳ್ಬೇಡ, ಅದರ ಜೊತೆ ಹೋಗು. ಎರಡೂ ಕುಂಡಿ ಮೇಲೆ ಸಮ ಕೂರೋ, ಒಂದನ್ನ ಸಾಲ ಕೊಟ್ಟಿದೀಯಾ?"

ಸೋಜಿಗವೆಂದರೆ ಆಕೆಗೆ ಆ ಹೆಸರುಗಳನ್ನು ಉಚ್ಚರಿಸುವ ಹಕ್ಕಿಲ್ಲ. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತಬಾರದು, ಗಂಡನ ಹೆಸರನ್ನಂತೂ ಸತ್ತ ಮೇಲೂ ಎತ್ತಬಾರದು, ಮಾವನೆದುರು ಗಂಡನನ್ನು ತಿದ್ದಬಾರದು. ಈ ಬಾರದುಗಳನ್ನೆಲ್ಲ ಮರ್ಯಾದೆ ಎಂದು ಕರೆದವರ ನಾಲಗೆಗೆ ಬೆಂಕಿ ಬೀಳಲಿ.

ಮೈದುನ ಎರ್ಮೆಕ್ ಆಕೆಯ ಹತ್ತಿರ ಸುಳಿದವನಲ್ಲ. ಶರತ್ಕಾಲದಲ್ಲಿ ಮಂದೆ ಕೆಳಗಿಳಿಯುವ ಮುನ್ನ, ಕಲ್ಲಿನ ಇಳಿಜಾರಿನಲ್ಲಿ ನಡೆಯುವ ಪಂದ್ಯಕ್ಕೆ ಈ ವರ್ಷ ಅವನ ಸರದಿ. ಅವನ ಅಣ್ಣ, ಬುರುಲ್ಚಾಳ ಗಂಡ, ಬಿದ್ದು ಸತ್ತದ್ದೂ ಆ ಇಳಿಜಾರಿನಲ್ಲೇ. ಎರ್ಮೆಕ್‌ನ ಕುದುರೆಯ ಬಾಯಿಂದ ರಕ್ತ ಸುರಿದದ್ದನ್ನು ಕಂಡು ಓರಗೆಯವರು ಮುಸಿಮುಸಿ ನಕ್ಕ ಮೇಲೆ, ಮುಖ ಗಂಟಿಕ್ಕಿಕೊಂಡು ಬಂದ. ಬಾಗಿಲಲ್ಲಿ ಅವನ ತಾಯಿ ಕಾಲಿಪಾ ಕೂತಿದ್ದಳು. ಆ ದಿನ ಬುರುಲ್ಚಾ ಕಡೆಗೋಲು ಬಿಟ್ಟು, ತಿರುಗಿ ನಿಂತು ನೋಡಿದಳು.

ಮೂರನೆಯ ಹೆಸರಿಗೇ ಅವನ ದನಿ ಮುರಿಯಿತು, ಭುಜ ಬಲಕ್ಕೆ ಜಾರಿತು, ಕೈ ಲಗಾಮಿನ ಗಂಟಿಗೆ ಹೋಯಿತು. ಮತ್ತೆ ಮಾಡಿಸಿದಳು. ಮತ್ತೆ ಅದೇ. ಅವನು ಗಂಟು ಬಿಚ್ಚಿ, ಜಗ್ಗಿ ಕುದುರೆ ನಿಲ್ಲಿಸಿದ.

"ಅಣ್ಣನೂ ಹೀಗೇ ಕೂರ್ತಿದ್ದ, ಅತ್ತಿಗೆ. ಅವನಿಗೆ ಒಂದು ದಿನ ತುಟಿ ಬಿಚ್ಚದೋರು ನನಗೆ ಕಲಿಸ್ತೀರಾ?"

ಬುರುಲ್ಚಾ ಅರಚಲಿಲ್ಲ.

"ಹೌದು. ಜೊಲ್ಚು ಹೀಗೇ ಕೂರ್ತಿದ್ದ. ಜೊಲ್ಚು ಹೀಗೇ ಸತ್ತ. ಕುದುರೆ ಎಡವಿದಾಗ ಹಿಡ್ಕೊಳ್ಳೋಕೆ ಜೊಲ್ಚುಗೆ ಲಗಾಮು ಬಿಟ್ರೆ ಏನೂ ಇರಲಿಲ್ಲ."

ಹಗ್ಗ ಹಿಡಿದವನು ತಲೆ ತಗ್ಗಿಸಿದ. ಗಂಡನ ಹೆಸರು, ಅತ್ತೆಯ ಎದುರು, ಒಂದಲ್ಲ, ಮೂರು ಸಲ. ಮಗ ಬಿದ್ದ ದಿನ ಸೀಳಿದ್ದ ಆ ನಿಲುವಂಗಿಯ ಬಲತೋಳನ್ನೇ ಕಾಲಿಪಾ ನೋಡುತ್ತಿದ್ದಳು.

"ನಿನಗೆ ಆಗಲೇ ಗೊತ್ತಿತ್ತಾ?"

"ಸೊಸೆಯಾಗಿ ಬಂದ ದಿನವೇ ಗೊತ್ತಿತ್ತು, ಅತ್ತೆ. ಆ ದಿನವೇ ನೀವೆಲ್ಲ ಸೇರಿ ನನ್ನ ಬಾಯಿಗೆ ಕಡಿವಾಣ ಹಾಕಿದ್ರಿ."

ಮುದುಕಿ ಎದ್ದಳು. ಮೆಲ್ಲಗೆ ನಡೆದು ಹೋಗಿ ಮಗನ ಮುಷ್ಟಿಯಿಂದ ಲಗಾಮು ಬಿಡಿಸಿದಳು, ಅದನ್ನು ಕುದುರೆಯ ಕತ್ತಿಗೆ ಗಂಟು ಹಾಕಿದಳು. "ಅವಳು ಹೇಳಿದ ಹಾಗೆ ಕೂತ್ಕೊ," ಎಂದಳು. "ಮೊದಲಿಂದ ಹೇಳು."

ಅವನು ಹೇಳಿದ. ಐದನೆಯ ಅಜ್ಜನವರೆಗೆ ದನಿ ಮುರಿಯಲಿಲ್ಲ. ಆರನೆಯವನಲ್ಲಿ ಮುರಿದಾಗ, ಎಂದಿನ ಬೈಗುಳ ಬಿತ್ತು.

ಎಲ್ಲ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ, ಅವರನ್ನು ಬಾಯಿಬಡುಕಿ ಎಂದು ಕರೆದು ನಾವು ದೂರ ಸರಿಯುತ್ತೇವೆ. ಮೆಲ್ಲಗೆ ಹೇಳಿದ್ದರೆ ಸಾಕಾಗುತ್ತಿದ್ದ ಕಾಲದಲ್ಲಿ ಅವರನ್ನು ಮಾತಾಡಗೊಡದವರು ನಾವೇ. ಒಬ್ಬನನ್ನು ಹೂತು ಬಂದ ಮೇಲೆ ಹೊರಡುವ ದನಿ ಗಟ್ಟಿಯಾಗಿಯೇ ಇರುತ್ತದೆ; ಅದನ್ನು ತಗ್ಗಿಸು ಎನ್ನುವ ಹಕ್ಕು ನಮಗಿಲ್ಲ.