ಗೂಟಕ್ಕೆ ತೂಗಿದ ಚೀಲ

ತಮ್ಮನ ಎಡಗಡೆ ಕಿಡ್ನಿಯ ದಾರಿಗೆ ಕಲ್ಲು ಅಡ್ಡ ಕೂತು, ಮೂತ್ರವೆಲ್ಲ ಒಳಗೇ ಕಟ್ಟಿಕೊಂಡಿತ್ತು. ಡಾಕ್ಟರು ಬೆನ್ನಿನ ಚರ್ಮದಲ್ಲೇ ತೂತು ಮಾಡಿ, ಸಣ್ಣ ಕೊಳವೆ ಇಳಿಸಿ, ಅದರ ತುದಿಗೆ ಚೀಲ ಕಟ್ಟಿ ಮನೆಗೆ ಕಳಿಸಿದ್ದರು. ಕಲ್ಲು ತೆಗೆಯುವುದು ಆಮೇಲೆ. ಅಲ್ಲಿಯವರೆಗೆ ಸರಾಗ ಹರಿಯುತ್ತಿದ್ದರೆ ಕಿಡ್ನಿ ಉಳಿಯುತ್ತದೆ ಎಂದಿದ್ದರು. ನರ್ಸಮ್ಮ ಜೋಪಾನದ ಮಾತು ಹೇಳುವಾಗ ಅಣ್ಣ ವಾರ್ಡಿನ ಬಾಗಿಲನ್ನು ಆಡಿಸಿ ನೋಡುತ್ತ ನಿಂತಿದ್ದ. ಅವನು ಬಡಗಿ. ಕೀಲು ಕಿರುಗುಟ್ಟಿದರೆ ಅವನ ಕಿವಿಗೆ ಬೇರೇನೂ ಬೀಳುತ್ತಿರಲಿಲ್ಲ.

ಮನೆಗೆ ಬಂದವನೇ ಗಟ್ಟಿಮರದ ತುಂಡೊಂದನ್ನು ಕೆತ್ತಿ, ಉಜ್ಜಿ ನುಣುಪು ಮಾಡಿ, ಮಂಚದ ತಲೆದೆಸೆಯ ಗೋಡೆಗೆ ಆಳೆತ್ತರದಲ್ಲಿ ಗೂಟ ಹೊಡೆದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಎತ್ತರದಲ್ಲಿ ತೂಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ. ಇದೂ ಹಾಗೇ ಅಂದುಕೊಂಡು ಚೀಲವನ್ನು ಆ ಗೂಟಕ್ಕೆ ತೂಗುಹಾಕಿದ.

"ಹೇಗಿದೆಯೋ?"

"ನೀನು ಮಾಡಿದ್ಮೇಲೆ ಕೇಳ್ಬೇಕಾ ಅಣ್ಣ," ಎಂದ ತಮ್ಮ.

ಮಾರನೆಯ ದಿನ ಚೀಲ ತುಂಬಲಿಲ್ಲ. ಒಳಗೆ ವಾಸಿಯಾಗುತ್ತಿದೆ ಎಂದು ಅಣ್ಣ ಹಿಗ್ಗಿದ. ಸಂಜೆಯ ಹೊತ್ತಿಗೆ ಚಳಿಜ್ವರ ಬಂದು ತಮ್ಮ ಗಡಗಡ ನಡುಗತೊಡಗಿದ.

"ಚೀಲ ಎಲ್ಲಿ ಕಟ್ಟಿದ್ರಿ?" ಆಸ್ಪತ್ರೆಗೆ ಕರೆತಂದಾಗ ಡಾಕ್ಟರು ಕೇಳಿದರು. ಅಣ್ಣ ತಲೆಯ ಮೇಲಕ್ಕೆ ಕೈ ಎತ್ತಿ ತೋರಿಸಿದ.

"ಅಯ್ಯೋ ಯಜಮಾನ್ರೇ, ಅದು ಒಳಕ್ಕೆ ಇಳಿಸೋದಲ್ಲ, ಹೊರಕ್ಕೆ ಹರಿಸೋದು! ಸೊಂಟಕ್ಕಿಂತ ಕೆಳಗಿರ್ಬೇಕು."

ಕೊಳವೆ ಬದಲಿಸಿದರು. ಜ್ವರ ಇಳಿಯಿತು. ಆದರೆ ಆ ಕಿಡ್ನಿ ಮೊದಲಿನಂತೆ ಕೆಲಸ ಮಾಡುವುದು ಅನುಮಾನ ಎಂದರು.

ಅಣ್ಣ ಹಾಸಿಗೆಯ ಪಕ್ಕ ಕುಕ್ಕರಿಸಿದ. "ಕೆಳಗೆ ಕಟ್ಟಿ ಅಂತ ನರ್ಸಮ್ಮ ಹೇಳಿದ್ರಂತೆ. ನಿಂಗೂ ಕೇಳಿಸ್ಲಿಲ್ವೇನೋ?"

"ಕೇಳಿಸಿತ್ತು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ನಿನ್ನ ಕೈಲಿ ಸುತ್ತಿಗೆ ಇದ್ದಾಗ ಯಾರಣ್ಣ ಮಾತಾಡ್ತಾರೆ?" ತಮ್ಮ ನಕ್ಕ. ನಕ್ಕಿದ್ದಕ್ಕೆ ಬೆನ್ನಲ್ಲಿ ಚಳುಕು ಹೊಡೆಯಿತು.

ಅಣ್ಣನಿಗೆ ನಗು ಬರಲಿಲ್ಲ. ಅಪ್ಪ ಹೋದ ಮೇಲೆ ತಮ್ಮನಿಗೆ ಉಳಿ ಹಿಡಿಯಲು ಕಲಿಸಿದವನು ಅವನೇ. ಎದುರಾಡಿದಾಗೆಲ್ಲ ಬೆರಳ ಗೆಣ್ಣಿಗೆ ಅಳತೆಗೋಲಿನಿಂದ ಬಿಗಿದವನೂ ಅವನೇ. ನನ್ನ ತಮ್ಮ ಒಂದು ದಿನವೂ ತಿರುಗಿ ಮಾತಾಡಿದವನಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ಎದೆಯುಬ್ಬಿಸಿದ್ದ.

ಮನೆಗೆ ಮರಳಿದ ದಿನ ಚೀಲವನ್ನು ಕೈಯಲ್ಲಿ ಹಿಡಿದು, ಮಂಚದ ಕಾಲಿನ ಹತ್ತಿರ ಬಾಗಿ, "ಇಲ್ಲಿ ಸರೀನಾ? ತಪ್ಪಿದ್ರೆ ಬಾಯಿಬಿಟ್ಟು ಹೇಳಪ್ಪಾ," ಎಂದ.

ತಮ್ಮ ಚೀಲದ ಕಡೆಗೆ ನೋಡಲೇ ಇಲ್ಲ.

"ನಿಂಗೆ ಸರಿ ಕಂಡ ಕಡೆ ಕಟ್ಟಣ್ಣ," ಎಂದ.